ಹೋದ ಜೌಗಿಗೆ ಬದಲಿ ಜೌಗು: ನೀರು ಮೊದಲು, ಗಿಡ ಕೊನೆಗೆ

ಬದಲಿ ಜೌಗು ಕಟ್ಟುವ ಕೆಲಸ ಹೊಸ ಜಾಗದಲ್ಲಿ ಶುರುವಾಗುವುದಿಲ್ಲ. ಲೇಔಟಿಗೋ ರಸ್ತೆಗೋ ಗೋದಾಮಿಗೋ ಹೋಗಲಿರುವ ಹಳೆಯ ಜೌಗಿನಲ್ಲೇ ಶುರುವಾಗಬೇಕು, ಅದೂ ಅಲ್ಲಿ ಯಂತ್ರ ಇಳಿಯುವ ಮೊದಲು. ನಾವು ಮೊದಲ ದಿನ ಒಯ್ಯುವುದು ಮಣ್ಣು ಕೊರೆಯುವ ಬೈರಿಗೆ, ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕ, ಟೇಪು, ಒಂದು ಬಾಟಲಿ ನೀರು. 50 ಸೆಂ.ಮೀ. ಆಳಕ್ಕೆ ಕೊರೆದು, ಬಂದ ಮಣ್ಣನ್ನು ಬಂದ ಕ್ರಮದಲ್ಲೇ ಹಲಗೆಯ ಮೇಲೆ ಜೋಡಿಸಿ, ಒಂದೊಂದು ಹೆಂಟೆಯನ್ನೂ ಮುರಿದು ನೋಡುತ್ತೇವೆ. ನಿಜವಾದ ಜೌಗಿನ ಮಣ್ಣು ಬೂದಿ ಬಣ್ಣದ್ದು. ಅದರೊಳಗೆ ಬೇರು ಹೋದ ದಾರಿಯ ಸುತ್ತ ಮಾತ್ರ ತುಕ್ಕಿನ ಕೆಂಪು ಗೆರೆ ಇರುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದಾಗ ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತವೆ, ಬಣ್ಣ ತೊಳೆದುಹೋಗುತ್ತದೆ. ಜೊಂಡಿನಂಥ ಗಿಡಗಳು ಬೇರಿನ ಮೂಲಕ ಗಾಳಿ ಇಳಿಸುವುದರಿಂದ ಬೇರಿನ ಪಕ್ಕದಲ್ಲಷ್ಟೇ ಅದು ಮತ್ತೆ ತುಕ್ಕಾಗಿ ಕೂರುತ್ತದೆ. ಮೇಲೆ ನೀರಿಲ್ಲದ ಬೇಸಿಗೆಯಲ್ಲೂ ಈ ಮಣ್ಣು ವರ್ಷವಿಡೀ ನೀರು ಎಲ್ಲಿತ್ತು ಎಂದು ಹೇಳಿಬಿಡುತ್ತದೆ.

ಆ ಗೆರೆಗಳು ಎಷ್ಟು ಸೆಂ.ಮೀ. ಆಳದಿಂದ ಶುರುವಾಗುತ್ತವೆ, ಯಾವ ಗಿಡ ಯಾವ ಮಟ್ಟದಲ್ಲಿದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಟ್ಟದ ಅಳತೆಯ ಸಮೇತ ಬರೆದಿಡಬೇಕು. ಕಳೆದುಹೋಗುತ್ತಿರುವುದು ಏನು ಎಂದು ಗೊತ್ತಿಲ್ಲದವರು ಅದಕ್ಕೆ ಬದಲಿ ಕಟ್ಟಲಾರರು. ಹಾಗೆ ಕಟ್ಟಿದ್ದೆಲ್ಲ ಕೊನೆಗೆ ಕೊಳವಾಗುತ್ತದೆ. ಬದಲಿ ಜೌಗಿನ ಯೋಜನೆಗಳಲ್ಲಿ ಅತಿ ಸಾಮಾನ್ಯ ತಪ್ಪೇ ಇದು: ಹುಲ್ಲು ತುಂಬಿದ, ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಒದ್ದೆಯಾಗಿರುವ ಜೌಗು ಹೋಗುತ್ತದೆ, ಅದರ ಬದಲು ಒಂದೂವರೆ ಮೀಟರ್ ಆಳದ, ಕಡಿದಾದ ದಡದ ಹೊಂಡ ಬರುತ್ತದೆ. ವಿಸ್ತೀರ್ಣದ ಲೆಕ್ಕ ಸರಿಹೋಗುತ್ತದೆ, ಕಪ್ಪೆಗೂ ಹುಲ್ಲಿಗೂ ಜಾಗ ಹೋಗಿರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಬದಲಿ ಎನ್ನುವುದು ಮೂರನೆಯ ಹೆಜ್ಜೆ. ಮೊದಲು ಜೌಗನ್ನು ತಪ್ಪಿಸಿ ಕಟ್ಟಲು ಆಗುತ್ತದೆಯೇ ನೋಡಬೇಕು, ಆಗದಿದ್ದರೆ ಹಾನಿಯನ್ನು ಎಷ್ಟು ಕುಗ್ಗಿಸಬಹುದು ನೋಡಬೇಕು, ಉಳಿದದ್ದಕ್ಕೆ ಮಾತ್ರ ಬದಲಿ. ಈ ಕ್ರಮವನ್ನು ಅಮೆರಿಕದಲ್ಲಿ 1990ರ ಒಪ್ಪಂದದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ಸೇನಾ ಇಲಾಖೆ ಬರೆದಿಟ್ಟವು, 2008ರ ನಿಯಮದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಅಷ್ಟಾದರೂ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ ಪರಿಶೀಲಿಸಿದಾಗ, ಒಟ್ಟಾರೆ ನಷ್ಟ ಆಗಬಾರದು ಎಂಬ ಗುರಿ ಈಡೇರುತ್ತಿಲ್ಲ ಎಂದೇ ಕಂಡುಕೊಂಡಿತು. ಕೆಲವು ಬಗೆಯ ಜೌಗನ್ನು ಮತ್ತೆ ಕಟ್ಟಲು ಬರುವುದೇ ಇಲ್ಲ. ಪೀಟ್ ಎಂಬ ಅರೆಕೊಳೆತ ಸಸ್ಯದ ಪದರ ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒಂದು ಮೀಟರ್ ಪೀಟ್ ಇರುವ ಜಾಗ ಎಂದರೆ ಸಾವಿರ ವರ್ಷದ ಕೆಲಸ. ಅಂಥದ್ದು ಕಂಡರೆ ನಮ್ಮ ವರದಿಯಲ್ಲಿ ಒಂದೇ ಸಾಲು ಇರುತ್ತದೆ: ಇದನ್ನು ಮುಟ್ಟಬೇಡಿ.

ಒಂದು ಹೆಕ್ಟೇರ್ ಹೋದರೆ ಒಂದೇ ಹೆಕ್ಟೇರ್ ಕೊಡುವ ಲೆಕ್ಕವೂ ಸಾಲುವುದಿಲ್ಲ. ಹೊಸ ಜೌಗು ಕೈಕೊಡಬಹುದು, ಕೈಹಿಡಿದರೂ ಹಳೆಯದರ ಮಟ್ಟಕ್ಕೆ ಬರಲು ವರ್ಷಗಳು ಬೇಕು, ಆ ನಡುವಿನ ನಷ್ಟವನ್ನು ಯಾರಾದರೂ ತುಂಬಬೇಕಲ್ಲ. ಹಾಗಾಗಿ ಒಂದಕ್ಕೆ ಎರಡು, ಮರಗಳ ಜೌಗಾದರೆ ಅದಕ್ಕಿಂತ ಹೆಚ್ಚು ಕೇಳುವುದು ರೂಢಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಬೇರೆ ಬೇರೆ ಕಡೆಯ 621 ಜೌಗುಗಳನ್ನು ಒಟ್ಟಿಗೆ ನೋಡಿತ್ತು. ಮರುಕಟ್ಟಿ ನೂರು ವರ್ಷವಾದರೂ ಗಿಡ-ಪ್ರಾಣಿಗಳ ಸಮುದಾಯದ ರಚನೆ ಸರಾಸರಿ 26% ಹಿಂದೆ, ಮಣ್ಣಿನಲ್ಲಿ ಇಂಗಾಲ ಕೂಡಿಡುವಂಥ ಕೆಲಸಗಳು 23% ಹಿಂದೆ ಇದ್ದವು. ಅನುಪಾತದ ಬಗ್ಗೆ ಚೌಕಾಸಿ ಮಾಡಲು ಬಂದವರ ಮುಂದೆ ನಾವು ಇಡುವುದು ಈ ಎರಡು ಅಂಕಿಗಳನ್ನೇ.

ಜಾಗದ ಆಯ್ಕೆಯಲ್ಲಿ ನಮ್ಮ ನಿಲುವು ಖಚಿತ. ಹಿಂದೆ ಜೌಗಾಗಿದ್ದು, ಯಾರೋ ಕಾಲುವೆ ತೋಡಿ ಒಣಗಿಸಿದ ಜಾಗವೇ ಮೊದಲ ಆಯ್ಕೆ. ಎಂದೂ ಜೌಗಾಗಿರದ ದಿಣ್ಣೆಯನ್ನು ಅಗೆದು ಜೌಗು ಮಾಡುವುದು ಕೊನೆಯದು. ಮೊದಲನೆಯದರಲ್ಲಿ ನೀರು ಅಲ್ಲಿಗೆ ಬರಲು ಕಾಯುತ್ತಲೇ ಇರುತ್ತದೆ, ಬೂದಿ ಮಣ್ಣು ಕೆಳಗೇ ಇರುತ್ತದೆ, ಬಸಿಗಾಲುವೆ ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಕಾಲುವೆಯನ್ನು ತುದಿಯಲ್ಲಿ ಮಾತ್ರ ಮುಚ್ಚಿದರೆ ಸಾಲದು. ನೆಲದೊಳಗೆ ಬಸಿಯುವ ಕೊಳವೆಗಳನ್ನು ಹಿಂದಿನವರು ಹೂತಿದ್ದರೆ ಅವು ಗುಟ್ಟಾಗಿ ನೀರೆಳೆಯುತ್ತಲೇ ಇರುತ್ತವೆ. ಅಡ್ಡಲಾಗಿ ಕಂದಕ ತೋಡಿ ಒಂದೊಂದನ್ನೂ ಹುಡುಕಬೇಕು, ಸಿಕ್ಕಿದ್ದರಲ್ಲಿ ಕೆಲವು ಮೀಟರ್ ಕಿತ್ತು ಆ ಜಾಗಕ್ಕೆ ಜೇಡಿಮಣ್ಣು ತುಂಬಿ ಬಿಗಿಯಾಗಿ ದಮ್ಮಸು ಮಾಡಬೇಕು. ಮೇಲಿನ ಪಕ್ಕದ ಜಮೀನಿನ ಬಸಿನೀರು ಅದೇ ಕೊಳವೆಯಲ್ಲಿ ಬರುತ್ತಿದ್ದರೆ ಅದಕ್ಕೆ ಬೇರೆ ದಾರಿ ಮಾಡಿಕೊಡದೆ ಮುಚ್ಚಬಾರದು. ಇಲ್ಲದಿದ್ದರೆ ಪಕ್ಕದವರ ಹೊಲ ಜೌಗಾಗುತ್ತದೆ.

ಜಾಗ ಗೊತ್ತಾದ ಮೇಲೆ ಕನಿಷ್ಠ ಒಂದು ವರ್ಷ ಅಳೆಯುವುದಷ್ಟೇ ಕೆಲಸ. ಯಾರಿಗೂ ಇಷ್ಟವಾಗದ ಹಂತ ಇದು, ನಾವು ಬಿಟ್ಟುಕೊಡದ ಹಂತವೂ ಇದೇ. ಅಂತರ್ಜಲದ ಮಟ್ಟ ನೋಡಲು ಸಣ್ಣ ಕೊಳವೆಗಳನ್ನು ನೆಡುತ್ತೇವೆ: 5 ಸೆಂ.ಮೀ. ಅಗಲದ ಪಿವಿಸಿ ಪೈಪು, 0.25 ಮಿ.ಮೀ. ಅಗಲದ ಸೀಳುಗಳು, ಸುತ್ತ ಶುದ್ಧ ಮರಳು, ನೆಲಮಟ್ಟದಲ್ಲಿ ನೀರು ತಾಗಿದರೆ ಊದಿಕೊಳ್ಳುವ ಬೆಂಟೊನೈಟ್ ಜೇಡಿಯ 10 ರಿಂದ 15 ಸೆಂ.ಮೀ. ಬಿರಡೆ. ಈ ಬಿರಡೆ ಇಲ್ಲದಿದ್ದರೆ ಮಳೆನೀರು ಪೈಪಿನ ಪಕ್ಕದಿಂದಲೇ ಇಳಿದು ಸುಳ್ಳು ಮಟ್ಟ ತೋರಿಸುತ್ತದೆ. ಆಳ ಹೆಚ್ಚಾಗುವುದು ಇನ್ನೊಂದು ತಪ್ಪು. ನೀರನ್ನು ತಡೆದು ನಿಲ್ಲಿಸಿರುವ ಜೇಡಿಪದರವನ್ನು ಪೈಪು ತೂತು ಮಾಡಿಬಿಟ್ಟರೆ ಮೇಲಿನ ನೀರು ಅಲ್ಲೇ ಕೆಳಗೆ ಸೋರಿ, ಒದ್ದೆ ಜಾಗವೂ ಒಣ ಜಾಗವೆಂದು ದಾಖಲಾಗುತ್ತದೆ. ಬೇರಿನ ವಲಯ ನೋಡಲು 40 ಸೆಂ.ಮೀ. ಆಸುಪಾಸಿನ ಪೈಪು ಸಾಕು, ಕೆಳಗಿನ ನೀರು ಬೇಕಾದರೆ ಅದಕ್ಕೆ ಬೇರೆಯದೇ ಪೈಪು. ಒಳಗೆ ದಿನಕ್ಕೆರಡು ಬಾರಿ ಮಟ್ಟ ಓದಿ ದಾಖಲಿಸುವ ಲಾಗರ್ ಎಂಬ ಸಾಧನ ಇರುತ್ತದೆ. ಆದರೂ ತಿಂಗಳಿಗೊಮ್ಮೆ ಟೇಪಿನಿಂದ ಕೈಯಾರೆ ಅಳೆದು ತಾಳೆ ನೋಡುತ್ತೇವೆ. ಲಾಗರ್ ಅಳೆಯುವುದು ಒತ್ತಡವನ್ನು, ಗಾಳಿಯ ಒತ್ತಡವನ್ನು ಅದರಿಂದ ಕಳೆಯದಿದ್ದರೆ ಹತ್ತಿಪ್ಪತ್ತು ಸೆಂ.ಮೀ. ತಪ್ಪು ಸುಲಭವಾಗಿ ನುಸುಳುತ್ತದೆ.

ಗುರಿಯ ಅಳತೆ ಇಷ್ಟು: ಗಿಡಗಳು ಬೆಳೆಯುವ ಋತುವಿನಲ್ಲಿ ಸತತ 14 ದಿನವಾದರೂ ನೀರಿನ ಮಟ್ಟ ನೆಲದಿಂದ 30 ಸೆಂ.ಮೀ. ಒಳಗಿರಬೇಕು, ಹತ್ತರಲ್ಲಿ ಐದು ವರ್ಷವಾದರೂ ಹಾಗಿರಬೇಕು. ಅಮೆರಿಕದ ಸೇನಾ ಎಂಜಿನಿಯರ್ ದಳ 2005ರಲ್ಲಿ ಇಟ್ಟ ಅಳತೆಗೋಲು ಇದು. ನೀರು ಕಣ್ಣಿಗೆ ಕಾಣಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ. ಎಷ್ಟೋ ಒಳ್ಳೆಯ ಜೌಗಿನ ಮೇಲೆ ನಡೆದರೆ ಕಾಲು ಒದ್ದೆಯಾಗುತ್ತದೆ, ಅಷ್ಟೇ.

ಆಮೇಲೆ ನೀರಿನ ಜಮಾಖರ್ಚು. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಎಂದರೆ 10 ಘನ ಮೀಟರ್, ಇದೊಂದು ನೆನಪಿದ್ದರೆ ಲೆಕ್ಕ ಕಾಗದದ ಚೂರಿನ ಮೇಲೆ ಮುಗಿಯುತ್ತದೆ. ಬಿಸಿಲಿನಲ್ಲಿ ಆವಿಯಾಗುವುದೂ ಗಿಡ ಹೀರುವುದೂ ಸೇರಿ ದಿನಕ್ಕೆ 5 ಮಿ.ಮೀ. ಹೋದರೆ 50 ಘನ ಮೀಟರ್ ಖರ್ಚು. ಸರಾಸರಿ 15 ಸೆಂ.ಮೀ. ನೀರಿದ್ದರೆ ಮಳೆಯಿಲ್ಲದ 30 ದಿನಕ್ಕೆ ತಳ ಕಾಣುತ್ತದೆ. ಈಗ ಸೋರಿಕೆ ಸೇರಿಸಿ. ತಳದ ಮಣ್ಣು ಸೆಕೆಂಡಿಗೆ ಒಂದು ಮೀಟರಿನ ಕೋಟಿಯಲ್ಲೊಂದು ಭಾಗದಷ್ಟು ವೇಗದಲ್ಲಿ ನೀರು ಬಿಡುತ್ತದೆ ಎಂದುಕೊಳ್ಳಿ. ಕೇಳಲು ಏನೂ ಅಲ್ಲ, ಆದರೆ ದಿನಕ್ಕೆ 8.6 ಮಿ.ಮೀ. ಆಯಿತು. ಬಿಸಿಲಿಗಿಂತ ಸೋರಿಕೆಯೇ ಹೆಚ್ಚು, 30 ದಿನದ ನೀರು 11 ದಿನಕ್ಕೆ ಮುಗಿಯುತ್ತದೆ. ಅದೇ ಮಣ್ಣು ಹತ್ತು ಪಟ್ಟು ಬಿಗಿಯಾಗಿದ್ದರೆ ಸೋರಿಕೆ ದಿನಕ್ಕೆ ಒಂದು ಮಿ.ಮೀ. ಒಳಗೆ ಇಳಿಯುತ್ತದೆ. ಹಾಗಾಗಿ ಮಳೆಯನ್ನೇ ನಂಬಿದ ಜೌಗಿನಲ್ಲಿ ತಳದ ಮಣ್ಣಿನ ಪರೀಕ್ಷೆ ಒಂದು ಕಡೆಯಲ್ಲಿ ಮಾಡಿ ಮುಗಿಸುವಂಥದ್ದಲ್ಲ. ಹೆಕ್ಟೇರಿಗೆ ನಾಲ್ಕೈದು ಗುಂಡಿಯಾದರೂ ತೋಡುತ್ತೇವೆ. ಒಂದೇ ಒಂದು ಮರಳಿನ ಎಳೆ ತಪ್ಪಿಹೋದರೆ ಇಡೀ ಜೌಗು ಅದರೊಳಗೆ ಬಸಿದುಹೋಗುತ್ತದೆ. ಈ ಲೆಕ್ಕವನ್ನು ಒಂದು ಸಾಧಾರಣ ವರ್ಷಕ್ಕೆ, ಒಂದು ಬರದ ವರ್ಷಕ್ಕೆ, ಒಂದು ಅತಿವೃಷ್ಟಿಯ ವರ್ಷಕ್ಕೆ ತಿಂಗಳುವಾರು ಮಾಡಬೇಕು. ವರ್ಷದ ಸರಾಸರಿ ಹಿಡಿದು ಮಾಡಿದ ಲೆಕ್ಕ ಯಾವ ತಿಂಗಳಿಗೂ ಹೊಂದುವುದಿಲ್ಲ.

ಸುತ್ತ ಮನೆ, ರಸ್ತೆ ಎದ್ದ ಜಾಗದಲ್ಲಿ ಇನ್ನೊಂದು ತೊಡಕು ಇದೆ. ಮಣ್ಣಿಗೆ ಇಂಗಬೇಕಿದ್ದ ನೀರು ಛಾವಣಿ, ಡಾಂಬರಿನಿಂದ ಒಮ್ಮೆಲೇ ನುಗ್ಗುತ್ತದೆ. ಹತ್ತು ಹೆಕ್ಟೇರ್ ಜಲಾನಯನದಿಂದ 20 ಮಿ.ಮೀ. ಹರಿದು ಬಂದರೆ ಒಂದು ಹೆಕ್ಟೇರ್ ಜೌಗಿನಲ್ಲಿ ಒಂದೇ ಸಂಜೆಗೆ 20 ಸೆಂ.ಮೀ. ಏರುತ್ತದೆ. ಇಂಥ ಏರಿಳಿತ ಪದೇ ಪದೇ ಆದರೆ ಸೂಕ್ಷ್ಮ ಗಿಡಗಳು ಒಂದೊಂದಾಗಿ ಹೋಗಿ ಒರಟು ಗಿಡ ಮಾತ್ರ ಉಳಿಯುತ್ತದೆ. ಬರುವ ನೀರಿನ ದಾರಿಯಲ್ಲಿ ಹೂಳು ತಡೆಯುವ ಒಂದು ಮುಂಗೊಳ ಬೇಕು, ಒಟ್ಟು ನೀರಿನ ಹತ್ತನೇ ಒಂದು ಭಾಗ ಹಿಡಿಯುವಷ್ಟಿದ್ದರೆ ಸಾಕು. ಅದಕ್ಕೆ ಯಂತ್ರ ಇಳಿಯುವ ದಾರಿಯನ್ನೂ ಮೊದಲೇ ಬಿಡಬೇಕು. ಹೂಳು ತೆಗೆಯಲು ಆಗದ ಮುಂಗೊಳ ಮೂರನೆಯ ಮಳೆಗಾಲಕ್ಕೆ ದಿಬ್ಬವಾಗಿರುತ್ತದೆ.

ಮಣ್ಣಿನ ಕೆಲಸದಲ್ಲಿ ಸೆಂಟಿಮೀಟರುಗಳೇ ಎಲ್ಲ. ರಸ್ತೆ, ಕಟ್ಟಡದ ಕೆಲಸ ಮಾಡಿದವರಿಗೆ ಇದನ್ನು ಒಪ್ಪಿಸುವುದು ಕಷ್ಟ. ನಮ್ಮ ನಕ್ಷೆಯಲ್ಲಿ ಅಂತಿಮ ಮಟ್ಟಕ್ಕೆ ಕೊಡುವ ಸಡಿಲ ಮೇಲಕ್ಕಾಗಲಿ ಕೆಳಕ್ಕಾಗಲಿ 3 ಸೆಂ.ಮೀ. ಮಾತ್ರ. 15 ಸೆಂ.ಮೀ. ಹೆಚ್ಚು ಅಗೆದರೆ ತುಂಗೆಹುಲ್ಲಿನ ಬಯಲಾಗಬೇಕಾದದ್ದು ತೆರೆದ ನೀರಾಗುತ್ತದೆ, 15 ಸೆಂ.ಮೀ. ಕಡಿಮೆಯಾದರೆ ಮಾಮೂಲಿ ಕಳೆಯ ಹೊಲ. ಮೊದಲು 20 ರಿಂದ 30 ಸೆಂ.ಮೀ. ಹೆಚ್ಚಿಗೆ ಅಗೆದು ಮೇಲ್ಮಣ್ಣು ತುಂಬಿ ಮಟ್ಟಕ್ಕೆ ತರಬೇಕು. ತುಂಬಿದ ಸಡಿಲ ಮಣ್ಣು ಒಂದು ಮಳೆಗಾಲದಲ್ಲಿ ಹತ್ತರಲ್ಲೊಂದು ಭಾಗ ಕುಸಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದವರ ಜೌಗು ಮುಂದಿನ ವರ್ಷ ಆಳವಾಗಿರುತ್ತದೆ. ದಡದ ಇಳಿಜಾರು ಹತ್ತಕ್ಕೆ ಒಂದಕ್ಕಿಂತ ಕಡಿದಾಗಬಾರದು, ಇಪ್ಪತ್ತಕ್ಕೆ ಒಂದಾದರೆ ಇನ್ನೂ ಚೆನ್ನ. ನೀರು 5 ಸೆಂ.ಮೀ. ಇಳಿದರೆ ಇಪ್ಪತ್ತಕ್ಕೆ ಒಂದರ ದಡದಲ್ಲಿ ಒಂದು ಮೀಟರ್ ಅಗಲದ ಕೆಸರು ಪಟ್ಟಿ ಹೊರಬರುತ್ತದೆ. ಬೀಜ ಮೊಳೆಯುವುದೂ ನೀರುಹಕ್ಕಿಗಳು ಮೇಯುವುದೂ ಆ ಪಟ್ಟಿಯಲ್ಲೇ.

ನೆಲವನ್ನು ಹಲಗೆಯ ಹಾಗೆ ನುಣ್ಣಗೆ ಮಾಡಬೇಡಿ. ಯಂತ್ರ ಓಡಿಸುವವರಿಗೆ ಅದೇ ಹೆಮ್ಮೆ, ಆದರೆ ನಾವು ಕೇಳುವುದು ಉಬ್ಬುತಗ್ಗು: 15 ಸೆಂ.ಮೀ. ಎತ್ತರದ ಗುಪ್ಪೆ, ಅಷ್ಟೇ ಆಳದ ತಗ್ಗು, ಒಂದಕ್ಕೊಂದು ಹೊಂದಿಕೊಂಡ ಹಾಗೆ. ಮಳೆ ಕಡಿಮೆಯಾದ ವರ್ಷ ತಗ್ಗಿನಲ್ಲಿ ಗಿಡ ಉಳಿಯುತ್ತದೆ, ಹೆಚ್ಚಾದ ವರ್ಷ ಗುಪ್ಪೆಯ ಮೇಲೆ. ತಗ್ಗುಗಳು ಒಂದಕ್ಕೊಂದು ಕೂಡಿಕೊಂಡಿರಲಿ. ಒಂಟಿ ಗುಂಡಿಗಳಲ್ಲಿ ಮೀನು, ಜೀರುಂಡೆಗಳು ತಲುಪದೆ ಸೊಳ್ಳೆ ಮರಿಗಳು ಬೆಳೆಯುತ್ತವೆ.

ಭಾರದ ಯಂತ್ರ ಓಡಾಡಿದ ತಳ ಕಲ್ಲಾಗಿರುತ್ತದೆ. ಜೇಡಿಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ ದಾಟಿದರೆ ಬೇರು ಇಳಿಯುವುದು ಕಷ್ಟ. ಮೇಲ್ಮಣ್ಣು ಹಾಕುವ ಮೊದಲು ಗಟ್ಟಿ ಮಣ್ಣು ಸೀಳಿ ಸಡಿಲಿಸುವ ಸೀಳುಗೊರಸನ್ನು 30 ಸೆಂ.ಮೀ. ಆಳಕ್ಕೆ ಹೊಡೆಸುತ್ತೇವೆ. ನೀರು ನಿಲ್ಲಲು ತಳದ ಬಿಗಿಯನ್ನೇ ನಂಬಿರುವ ಜಾಗದಲ್ಲಿ ಮಾತ್ರ ಬಿಗಿ ಪದರವನ್ನು ಕೆಳಗೆ ಉಳಿಸಿ ಮೇಲಿನದನ್ನಷ್ಟೇ ಸಡಿಲಿಸಬೇಕು. ಅಗೆದು ತೆರೆದ ಒಳಮಣ್ಣಿನಲ್ಲಿ ಸಾವಯವ ಅಂಶ ಇರುವುದಿಲ್ಲ. ಹೆಕ್ಟೇರಿಗೆ ಒಣ ತೂಕದಲ್ಲಿ 100 ಟನ್ ಆಸುಪಾಸು, ಅಂದರೆ ಚದರ ಮೀಟರಿಗೆ 10 ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಬೆರೆಸುತ್ತೇವೆ. ಇದಕ್ಕಿಂತ ಬಹಳ ಹೆಚ್ಚಾದರೆ ಪೋಷಕಾಂಶ ಮಿತಿಮೀರಿ ಜೊಂಡಿಗೆ ಔತಣ ಕೊಟ್ಟಂತೆ. ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೊಲ್ಲಿಯ ಉಪ್ಪುಜೌಗು ಸಾಕ್ಷಿ. ಅಲ್ಲಿ ಅಳಿವಿನಂಚಿನ ಒಂದು ನೀರುಕೋಳಿಗಾಗಿ ಹುಲ್ಲು ನೆಟ್ಟರು, ಹುಲ್ಲು ಹಿಡಿಯಿತು, ಹಸಿರೂ ಆಯಿತು. ಆದರೆ ಮರಳುಮಣ್ಣಿನಲ್ಲಿ ಸಾರಜನಕ ನಿಲ್ಲದೆ ಹುಲ್ಲು ಗೂಡಿಗೆ ಬೇಕಾದ ಎತ್ತರಕ್ಕೆ ಬೆಳೆಯಲೇ ಇಲ್ಲ, ಹಕ್ಕಿ ಅಲ್ಲಿ ಗೂಡು ಕಟ್ಟಲಿಲ್ಲ. ಪರಿಸರ ವಿಜ್ಞಾನಿ ಜಾಯ್ ಜೆಡ್ಲರ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಳೆದು ಇದನ್ನು ತೋರಿಸಿಕೊಟ್ಟರು.

ಹಳೆಯ ಜೌಗಿನ ಮೇಲ್ಮಣ್ಣು ಎಲ್ಲಕ್ಕಿಂತ ದೊಡ್ಡ ಆಸ್ತಿ. ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ ಅಲ್ಲಿನ ಬೀಜ, ಗೆಡ್ಡೆ, ಸೂಕ್ಷ್ಮಜೀವಿಗಳು ಎಲ್ಲ ಇರುತ್ತವೆ. ಅದನ್ನು ಅಗೆದ ವಾರದೊಳಗೆ ಹೊಸ ಜಾಗಕ್ಕೆ ಹರಡಿದರೆ ಎಷ್ಟೋ ಜಾತಿಗಳು ನೆಡದೆಯೇ ಬರುತ್ತವೆ. ಗುಡ್ಡೆ ಹಾಕಿ ಬಿಟ್ಟರೆ ಒಳಗೆ ಕಾವು ಏರಿ ಬೀಜ ಸಾಯುತ್ತದೆ. ಇಡಲೇಬೇಕಾದರೆ ಒಂದು ಮೀಟರಿಗಿಂತ ಎತ್ತರ ಬೇಡ, ತಿಂಗಳಿಗಿಂತ ಹೆಚ್ಚು ಬೇಡ, ಒಣಗಲೂ ಬಿಡಬೇಡಿ. ಹಾಗಾಗಿಯೇ ಹೊಸ ಜಾಗ ಸಿದ್ಧವಾಗುವವರೆಗೆ ಹಳೆಯದರಲ್ಲಿ ಅಗೆತ ಶುರುವಾಗಬಾರದು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತೇವೆ. ಹಳೆಯ ಜೌಗಿನಲ್ಲಿ ಆಕ್ರಮಣಕಾರಿ ಕಳೆ ತುಂಬಿದ್ದರೆ ಮಾತ್ರ ಆ ಮಣ್ಣನ್ನು ತರಲೇಬಾರದು.

ನೀರಿನ ಮಟ್ಟ ಹಿಡಿದಿಡಲು ತಗ್ಗಾದ ಏರಿ, ಅದರಲ್ಲಿ ಹಲಗೆ ಜಾರಿಸುವ ತೂಬು. ಹಲಗೆ ಒಂದೊಂದೂ 10 ಸೆಂ.ಮೀ. ಎತ್ತರದ್ದಿದ್ದು, 5 ಸೆಂ.ಮೀ.ಯದು ಒಂದೆರಡಾದರೂ ಇದ್ದರೆ ಸೂಕ್ಷ್ಮವಾಗಿ ಹೊಂದಿಸಬಹುದು. ಮಟ್ಟ ಬದಲಿಸಲಾಗದ ಕಾಂಕ್ರೀಟ್ ಕೋಡಿ ಕಟ್ಟಿಬಿಟ್ಟರೆ ಲೆಕ್ಕದ ತಪ್ಪನ್ನು ತಿದ್ದಲು ದಾರಿಯೇ ಇರುವುದಿಲ್ಲ. ಲೆಕ್ಕ ಸ್ವಲ್ಪವಾದರೂ ತಪ್ಪದ ಜೌಗನ್ನು ನಾವಂತೂ ನೋಡಿಲ್ಲ. ಏರಿಯ ನಡುವೆ ಜೇಡಿಯ ತಿರುಳು ಮೂಲ ನೆಲದೊಳಕ್ಕೆ ಇಳಿದಿರಬೇಕು, ತುಂಬಿದ ನೀರಿನಿಂದ ಮೇಲೆ 30 ಸೆಂ.ಮೀ. ಏರಿ ಉಳಿದಿರಬೇಕು. ಏರಿ ಒಡೆಯುವುದು ಮೇಲಿಂದ ಮಾತ್ರವಲ್ಲ, ತೂಬಿನ ಪೈಪಿನ ಪಕ್ಕದಿಂದಲೂ. ನಯವಾದ ಪೈಪಿನ ಉದ್ದಕ್ಕೂ ನೀರು ದಾರಿ ಮಾಡಿಕೊಂಡು ಮಣ್ಣಿನ ಕಣ ಒಯ್ಯುತ್ತದೆ. ಪೈಪಿನ ಸುತ್ತ ಕೆಳಪಕ್ಕದಲ್ಲಿ ಮರಳಿನ ಸೋಸುಪದರ ಕೊಟ್ಟು, ಸುತ್ತಲಿನ ಮಣ್ಣನ್ನು ಕೈಯಿಂದಲೇ 10 ಸೆಂ.ಮೀ. ಪದರಗಳಲ್ಲಿ ಬಡಿಯಬೇಕು.

ಇಷ್ಟೆಲ್ಲ ಆಗಿ, ಒಂದು ಮಳೆಗಾಲ ನೀರು ಹೇಗೆ ನಿಲ್ಲುತ್ತದೆ ನೋಡಿದ ಮೇಲೆ ಗಿಡ. ಮೊದಲ ಮಳೆಯಲ್ಲಿ ನೀರು ನಿಂತ ಅಂಚಿಗೆ ಬಿದಿರು ಗೂಟ ನೆಟ್ಟು, ಆ ಗೂಟಗಳನ್ನು ನೋಡಿಯೇ ನಾಟಿಯ ವಲಯ ಗುರುತಿಸುತ್ತೇವೆ, ನಕ್ಷೆ ನೋಡಿ ಅಲ್ಲ. 60 ಸೆಂ.ಮೀ.ಗೊಂದು ಸಸಿಯಾದರೆ ಹೆಕ್ಟೇರಿಗೆ ಸುಮಾರು 28,000, ಒಂದು ಮೀಟರಿಗೊಂದಾದರೆ 10,000. ದುಡ್ಡು ಕಡಿಮೆ ಇದ್ದರೆ ಇಡೀ ಜಾಗಕ್ಕೆ ತೆಳ್ಳಗೆ ಹರಡುವ ಬದಲು ಅಲ್ಲಲ್ಲಿ ದಟ್ಟ ಗುಂಪು ನೆಡಿ, ಅವು ತಾವೇ ಹರಡುತ್ತವೆ. ನಾಟಿಯ ದಿನ ಮಣ್ಣು ಕೆಸರಾಗಿರಬೇಕು, ನೀರು 5 ಸೆಂ.ಮೀ. ಮೀರಬಾರದು. ಎಲೆಯ ತುದಿ ಸದಾ ನೀರಿನ ಮೇಲಿರಲಿ. ಈ ಗಿಡಗಳು ಬೇರಿಗೆ ಗಾಳಿ ಕಳಿಸುವುದು ಎಲೆಯಿಂದ, ಎಲೆ ಮುಳುಗಿದರೆ ಬೇರು ಉಸಿರುಗಟ್ಟುತ್ತದೆ. ಸಸಿ ಎತ್ತರವಾದಂತೆ ತೂಬಿನ ಹಲಗೆಯನ್ನು ಒಂದೊಂದಾಗಿ ಏರಿಸಬೇಕು. ನೀರುಹಕ್ಕಿಗಳು ಹೊಸ ಸಸಿಯನ್ನು ಎಳೆದು ಬೇರು ತಿನ್ನುವ ಜಾಗದಲ್ಲಿ ಗೂಟಕ್ಕೆ ದಾರ ಅಡ್ಡಡ್ಡ ಕಟ್ಟಿದರೆ ಅವು ಇಳಿಯಲು ಹಿಂಜರಿಯುತ್ತವೆ. ಒಂದು ಋತು ಹೀಗೆ ಕಾಪಾಡಿದರೆ ಸಾಕು.

ಜೊಂಡಿನ ಬಗ್ಗೆ ಇನ್ನೊಂದು ಮಾತು. ಅದನ್ನು ಯಾರೂ ನೆಡಬೇಕಿಲ್ಲ, ಗಾಳಿಯಲ್ಲಿ ಬಂದು ಕೂರುತ್ತದೆ. ಮಟ್ಟ ಬದಲಾಗದೆ ನಿಂತ ನೀರು, ಗೊಬ್ಬರದ ಹರಿವು ಎರಡೂ ಸಿಕ್ಕರೆ ಮೂರು ವರ್ಷದಲ್ಲಿ ಉಳಿದದ್ದನ್ನೆಲ್ಲ ನುಂಗುತ್ತದೆ. ಎಳೆಯದಿದ್ದಾಗ ಕೈಯಿಂದ ಕೀಳುವುದೇ ಒಳ್ಳೆಯದು. ಹಬ್ಬಿದ ಮೇಲೆ ಬೆಳವಣಿಗೆಯ ಋತುವಿನ ಕೊನೆಗೆ ನೀರಿನ ಮಟ್ಟದ ಕೆಳಗೆ ಕತ್ತರಿಸಿ, ಕಡಿದ ತುದಿಗಳನ್ನು ವಾರಗಟ್ಟಲೆ ಮುಳುಗಿಸಿಡಬೇಕು. ಗಾಳಿ ಸಿಗದೆ ಗೆಡ್ಡೆ ಕೊಳೆಯುತ್ತದೆ. ನೀರಿನ ಮೇಲೆ ಕತ್ತರಿಸಿದರೆ ಕೂದಲು ಕತ್ತರಿಸಿದಂತೆ, ಮತ್ತೆ ಬರುತ್ತದೆ.

ಜೌಗು ಜೌಗಾಗಿದೆಯೇ ಎಂದು ತಿಳಿಯುವ ನಮಗಿಷ್ಟದ ಪರೀಕ್ಷೆ ಇದು. ತೆಳುವಾದ ಪಿವಿಸಿ ಕೊಳವೆಗೆ ಕಬ್ಬಿಣದ ಆಕ್ಸೈಡಿನ ಕೆಂಬಣ್ಣ ಬಳಿದು ಮಣ್ಣಿಗೆ ಇಳಿಸಿ, ನಾಲ್ಕು ವಾರ ಬಿಟ್ಟು ಎಳೆಯುತ್ತೇವೆ. ಒಂದು ಜಾಗಕ್ಕೆ ಐದು ಕೊಳವೆ. ಮಣ್ಣಿನಲ್ಲಿ ಆಮ್ಲಜನಕ ತೀರಿದ್ದರೆ ಸೂಕ್ಷ್ಮಜೀವಿಗಳು ಆ ಬಣ್ಣವನ್ನು ಕರಗಿಸಿರುತ್ತವೆ. ಐದರಲ್ಲಿ ಕನಿಷ್ಠ ಮೂರು ಕೊಳವೆಗಳ ಮೇಲೆ, ಮೇಲಿನ 30 ಸೆಂ.ಮೀ. ಒಳಗಿನ 15 ಸೆಂ.ಮೀ. ಉದ್ದದಲ್ಲಿ 30% ಬಣ್ಣ ಹೋಗಿರಬೇಕು. ನೀರಿನಲ್ಲಿ ತೊಳೆದಾಗ ಕೆಂಪಿನ ನಡುವೆ ಬಿಳಿ ಪೈಪು ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಕೆಲವು ಕಡೆ ಹುಳು ತಿಂದ ಎಲೆಯ ಹಾಗೆ, ಕೆಲವು ಕಡೆ ಒಂದು ಗೆರೆಯ ಕೆಳಗೆ ಪೂರ್ತಿ ಬಿಳಿ. ಮೇಲೆ ಎಷ್ಟೇ ಹಸಿರಿದ್ದರೂ ಕೊಳವೆ ಕೆಂಪಾಗಿಯೇ ಹೊರಬಂದರೆ ಕೆಳಗಿನ ಮಣ್ಣು ಇನ್ನೂ ಹೊಲದ ಮಣ್ಣೇ. ಆಗ ಗಿಡ ಹೆಚ್ಚಿಸಿ ಪ್ರಯೋಜನವಿಲ್ಲ, ತೂಬಿನ ಕಡೆ ಹೋಗಬೇಕು.

ಕಟ್ಟಿದ ಮೇಲೆ ಕನಿಷ್ಠ 5 ವರ್ಷ ನಿಗಾ ಬೇಕು, ಮರಗಳ ಜೌಗಿಗೆ 10 ವರ್ಷ. ಪ್ರತಿ ವರ್ಷ ಅದೇ ತಿಂಗಳು, ಅದೇ ರೇಖೆಯ ಮೇಲೆ ಒಂದು ಚದರ ಮೀಟರಿನ ಚೌಕಟ್ಟಿಟ್ಟು ಯಾವ ಗಿಡ ಎಷ್ಟು ಪಾಲು ನೆಲ ಮುಚ್ಚಿದೆ ಬರೆಯುತ್ತೇವೆ, ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆಯುತ್ತೇವೆ. ಮೊದಲ ವರ್ಷದ ಹಸಿರನ್ನು ನಂಬಬೇಡಿ, ಅದು ಬಹುಪಾಲು ಒಂದೇ ಋತುವಿನ ಕಳೆ. ನಿಜ ತಿಳಿಯುವುದು ಮೂರನೆಯ ವರ್ಷ, ಅದರಲ್ಲೂ ನಡುವೆ ಒಂದು ಬರ ಬಂದುಹೋದ ಮೇಲೆ.

ಐದನೆಯ ವರ್ಷದ ವರದಿ ಒಪ್ಪಿಸಿದ ಮೇಲೂ ಏರಿಯಲ್ಲಿ ಏಡಿ, ಹೆಗ್ಗಣ ಬಿಲ ತೋಡುತ್ತವೆ, ತೂಬಿನ ಬಾಯಿಗೆ ಕಸ ಕಟ್ಟುತ್ತದೆ, ಹಲಗೆ ಊದಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಜಮೀನಿನ ದಸ್ತಾವೇಜಿನಲ್ಲೇ ಶಾಶ್ವತ ನಿರ್ಬಂಧ ಬರೆದಿರಬೇಕು, ನಿರ್ವಹಣೆಗೆ ಬಡ್ಡಿಯಲ್ಲೇ ನಡೆಯುವಷ್ಟು ಠೇವಣಿ ಇರಬೇಕು. ಹಲಗೆ ಎತ್ತುವ ಕೊಕ್ಕೆ ಆರನೆಯ ವರ್ಷದಿಂದ ಯಾರ ಕೈಯಲ್ಲಿರುತ್ತದೆ, ಯಾವ ತಿಂಗಳು ಯಾವ ಹಲಗೆ ಇಳಿಸಬೇಕು ಎಂಬುದನ್ನು ಮೊದಲ ಗುದ್ದಲಿ ಬೀಳುವ ಮುಂಚೆಯೇ ಬರೆಸಿ, ಅವರಿಂದ ಸಹಿ ಹಾಕಿಸಿಕೊಳ್ಳಿ.